ಪಾಸ್‌ಪೋರ್ಟ್ ಇಲ್ಲದ ಅಕ್ಕನ ಪರದೇಶ

ನನ್ನ ಅಕ್ಕನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ವಿಮಾನವನ್ನು ಅವಳು ನೋಡಿರುವುದು ತೋಡಾರಿನ ತನ್ನ ಅಂಗಳದಲ್ಲಿ ನಿಂತು, ಕತ್ತೆತ್ತಿ. ಆದರೂ ನಮ್ಮ ಕಡೆಯಿಂದ ಸಂಸಾರ ಸಮೇತ ಪರದೇಶಕ್ಕೆ ಹೊರಟವರು ಮೊದಲು ಇಳಿಯುವುದು ಅವಳ ಜಗಲಿಯಲ್ಲೇ! ಅಲ್ಲಿ ಹೇಗೆ ಬದುಕಬೇಕೆಂದು ಕಲಿಸುವವಳು ಅವಳಂತೆ. ಮಸ್ಕತ್ತಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವಳು ನಾನು, ಪಕ್ಕದ ಮನೆಯಲ್ಲೇ ಇದ್ದೇನೆ. ನನ್ನನ್ನು ಕೇಳುವವರು ಯಾರು? ಅಕ್ಕ ಮನೆಯಲ್ಲಿದ್ದಾಳೋ ಇಲ್ಲವೋ ಎಂದು ಹೇಳುವುದಕ್ಕೆ ಮಾತ್ರ ನಾನು ಬೇಕು. ಹೊಟ್ಟೆಕಿಚ್ಚೇ ಎನ್ನುತ್ತೀರಾ? ಹೌದು ಸ್ವಾಮಿ, ಹೊಟ್ಟೆಕಿಚ್ಚೇ!

ಅವಳ ಪಾಠದ ಚಂದ ನೋಡಿ. ಶಿರ್ತಾಡಿಯ ಗಂಡ ಹೆಂಡತಿ ಎರಡು ಮಕ್ಕಳೊಂದಿಗೆ ದುಬೈಗೆ ಹೊರಟಿದ್ದರು. ಅವರನ್ನು ತನ್ನ ಮನೆಯ ಮರದ ಅಟ್ಟಕ್ಕೆ ಹತ್ತಿಸಿ, "ಇದೇ ನಿಮ್ಮ ಫ್ಲ್ಯಾಟು. ಸಂಜೆಯವರೆಗೆ ಇಲ್ಲೇ ಸಂಸಾರ ಮಾಡಿ" ಎಂದಳು. ತಾನು ಕೆಳಗೆ ಆರಾಮಕುರ್ಚಿಯಲ್ಲಿ ಕೋಲು ಹಿಡಿದು ಕೂತಳು. ಮಕ್ಕಳು ಓಡಿದರೆ ಸಾಕು, ಕೋಲಿನಿಂದ ಅಟ್ಟಕ್ಕೆ ಗುದ್ದು! ಗಂಡ ಧಡಧಡ ನಡೆದದ್ದಕ್ಕೆ, "ಕೆಳಗಿನ ಮನೆಯವರು ಪೊಲೀಸರಿಗೆ ಫೋನ್ ಮಾಡಿ ಆಯ್ತು ಮಾರಾಯ! ನಡಿ, ವಾಪಸ್ ಶಿರ್ತಾಡಿಗೆ!" ಎಂದು ಕೂಗಿದಳು. ಸಂಜೆ ನಾಲ್ವರೂ ಬೆಕ್ಕಿನ ಹಾಗೆ ಇಳಿದು ಬಂದರು.

ಧರ್ಮಸ್ಥಳದ ಲಾಡ್ಜೊಂದರ ಮ್ಯಾನೇಜರು ಕೆನಡಾಕ್ಕೆ ಹೊರಟರು. ನಮ್ಮಲ್ಲಿ ಮೊದಲೇ ಹೇಳಿ ಯಾರು ಬರುತ್ತಾರೆ? ಹಿತ್ತಿಲಿನಿಂದ ನುಗ್ಗಿ ನೇರ ಅಡುಗೆಮನೆಯಲ್ಲೇ ಪ್ರತ್ಯಕ್ಷ! ಅವರೂ ಹೆಗಲಲ್ಲಿ ಹಲಸಿನಹಣ್ಣು ಹೊತ್ತು ಹಾಗೆಯೇ ಬಂದರು. ಅಕ್ಕ ಬಾಗಿಲು ತೆಗೆಯಲಿಲ್ಲ. "ಫೋನ್ ಮಾಡಿದ್ದೀರಾ?" ಎಂದಳು ಕಿಟಕಿಯಿಂದ. ಪಾಪ, ಬಿಸಿಲಲ್ಲಿ ನಿಂತೇ ಮಾಡಿದರು. ಅಕ್ಕ ಒಳಗೆ ಫೋನೆತ್ತಿ, "ಇವತ್ತು ಆಗುವುದಿಲ್ಲ, ಶನಿವಾರ ಬನ್ನಿ. ಹಣ್ಣು ಮಾತ್ರ ಅಲ್ಲೇ ಇಟ್ಟು ಹೋಗಿ" ಎಂದಳು! ಸಿಟ್ಟು ಬರಬೇಕಲ್ಲ ಅವರಿಗೆ? ಶನಿವಾರ ಹೆಂಡತಿಯನ್ನೂ ಕರೆದುಕೊಂಡು ಬಂದರು, ಮೊದಲೇ ಫೋನ್ ಮಾಡಿ.

ಇದನ್ನೆಲ್ಲ ನುಂಗಿಕೊಂಡೆ. ಆದರೆ ಮೊನ್ನೆ ನನ್ನ ಮಗಳೇ ಗಂಡ, ಮಗುವಿನೊಂದಿಗೆ ಜರ್ಮನಿಗೆ ಹೊರಟಳು. ಬಂಟ್ವಾಳದ ಗಂಡನ ಮನೆಯಿಂದ ಬಂದವಳು ನನ್ನ ಗೇಟು ದಾಟಿ ದೊಡ್ಡಮ್ಮನ ಜಗಲಿ ಹತ್ತಿದಳು! ಹೆತ್ತವಳು ನಾನಲ್ಲವೇ? ಹಿಂದೆಯೇ ಹೋದೆ.

"ಹೊರದೇಶದಲ್ಲಿ ಇದ್ದು ಬಂದವಳು ನಾನು. ನಿನಗೆ ಏನು ಗೊತ್ತುಂಟು?" ಎಂದು ಅಕ್ಕನ ಮೇಲೆ ಹಾರಿದೆ.

ಅಕ್ಕ ನಕ್ಕಳು. "ನನಗೆ ಗೊತ್ತಿರುವುದೆಲ್ಲ ನಿನ್ನದೇ ಅಲ್ವಾ ಮಾರಾಯ್ತಿ? ಮಕ್ಕಳು ಓಡಿದ್ದಕ್ಕೆ ಕೆಳಗಿನವಳು ಬೈದಳು ಅಂತ ನೀನು ಅತ್ತೆ. ಪಾಯಸ ತಕೊಂಡು ಹೋದರೆ ಪಕ್ಕದವಳು ಬಾಗಿಲೇ ತೆಗೆಯಲಿಲ್ಲ ಅಂತ ಅತ್ತೆ. ಶುಕ್ರವಾರ ರಜೆ ಬಂದ್ರೆ ಫೋನಿನಲ್ಲಿ ನೀನು ಅಳುವುದು, ನಾನು ಕೇಳುವುದು. ಮತ್ತೆಲ್ಲಿಂದ ಗೊತ್ತಾಗಬೇಕು ನನಗೆ?"

ಆ ಅಳುವನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ಅವಳು ಒಂದನ್ನೂ ಮರೆತಿರಲಿಲ್ಲ.

ಮಗಳು ಮಗುವನ್ನು ತೊಡೆಗೆಳೆದುಕೊಂಡು ಮೆಲ್ಲಗೆ ಕೇಳಿದಳು: "ನನಗೂ ಅಳು ಬಂದ್ರೆ ನಿಮಗೆ ಫೋನ್ ಮಾಡ್ತೇನೆ, ಆಯ್ತಾ ದೊಡ್ಡಮ್ಮ?"

"ಬೇಡ ಮಗಾ, ಅಮ್ಮನಿಗೇ ಮಾಡು" ಅಂದಳು ಅಕ್ಕ. "ನಾನು ಬರೀ ಕೇಳಿದವಳು. ಅಲ್ಲಿ ಕೂತು ಅತ್ತವಳು ಅವಳು."