ದೇವರು ನಿಲ್ಲಿಸಿದ ಸ್ಕೂಟರ್

ಒಬ್ಬನೇ ಇರುವವನ ಬದುಕಿನಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ನಡೆಯುತ್ತಲೇ ಇರುತ್ತದೆ. ನಡೆದಾಗ ಪಕ್ಕದಲ್ಲಿ ನಗಲು ಇನ್ನೊಬ್ಬರು ಇರುವುದಿಲ್ಲ, ಅಷ್ಟೇ. ಹಾಗಾಗಿ ಬರೆದಿಡುತ್ತಿದ್ದೇನೆ.

ನಾನು ಪಾದ್ರಿ. ನಾಪೋಕ್ಲಿನಿಂದ ಮೇಲಕ್ಕೆ, ಬಸ್ಸು ತಿರುಗಿಸಿಕೊಂಡು ವಾಪಸು ಹೋಗುವ ಜಾಗದಲ್ಲಿ ಒಂದು ಚಿಕ್ಕ ಚರ್ಚಿದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ತಮಿಳರು, ಮಲಯಾಳಿಗಳು, ಕೊಂಕಣಿ ಮಾತಾಡುವ ಒಂದೆರಡು ಕುಟುಂಬ, ಇಷ್ಟೇ ನಮ್ಮ ಧರ್ಮಕೇಂದ್ರ. ಎಲ್ಲರಿಗೂ ಸೇರಿ ಒಂದೇ ಭಾಷೆ, ಅವರವರ ಕನ್ನಡ. ಮೊದಲು ನಾನಿದ್ದದ್ದು ಮೈಸೂರಿನ ದೊಡ್ಡ ಚರ್ಚಿನಲ್ಲಿ. ಅಲ್ಲಿ ನನ್ನ ಜೊತೆ ಇನ್ನೂ ಮೂವರು ಫಾದರ್‌ಗಳಿದ್ದರು, ಊಟದ ಮೇಜಿನಲ್ಲಿ ಸಾರಿನ ಪಾತ್ರೆಗೆ ಜಗಳವಿತ್ತು. ಇಲ್ಲಿ ಪಾತ್ರೆ ಪೂರ್ತಿ ನನ್ನದೇ.

ಒಬ್ಬರೇ ಬಂದ ಭಾನುವಾರ

ನಾನು ಬಂದು ಸೇರಿದ್ದು ಮಳೆಗಾಲದ ಶುರುವಿನಲ್ಲಿ. ಮೊದಲ ಭಾನುವಾರಕ್ಕೆ ಒಳ್ಳೆಯ ಪ್ರಬೋಧನೆ ತಯಾರು ಮಾಡಿಕೊಂಡಿದ್ದೆ. ನಮಗೆ ಬರುವ ಅಡ್ಡಿ ಆತಂಕಗಳಲ್ಲೂ ದೇವರ ಉದ್ದೇಶ ಒಂದಿರುತ್ತದೆ ಎಂಬುದು ವಿಷಯ. ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ್ದೆ.

ಬೆಳಿಗ್ಗೆ ಗಂಟೆ ಬಾರಿಸಿದೆ. ಯಾರೂ ಬರಲಿಲ್ಲ. ಕಾದೆ. ಲೈನ್ ಮನೆಗಳಿಂದ ಬರುವ ದಾರಿಗೆ ದೊಡ್ಡ ಮರ ಬಿದ್ದು ಆ ಕಡೆಯವರು ಆ ಕಡೆಯೇ ಉಳಿದಿದ್ದಾರೆಂದು ನನಗೆ ಆಮೇಲೆ ತಿಳಿಯಿತು. ಆಗ ತಿಳಿದಿದ್ದು ಇಷ್ಟೇ: ಹೊಸ ಫಾದರ್‌ನ ಮುಖ ನೋಡಲೂ ಯಾರಿಗೂ ಆಸೆಯಿಲ್ಲ. ಬಾಗಿಲು ಹಾಕೋಣ ಎನ್ನುವಾಗ ವಯಸ್ಸಾದವರೊಬ್ಬರು ಕೊಡೆ ಮಡಚಿ ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕೂತರು.

ಒಬ್ಬರಿದ್ದರೇನು, ಎಂದುಕೊಂಡು ಬಲಿಪೂಜೆ ಆರಂಭಿಸಿದೆ. ನಾನು ಕೈ ಎತ್ತಿದರೆ ಅವರು ಎದ್ದು ನಿಲ್ಲುತ್ತಿದ್ದರು, ಕೈ ಇಳಿಸಿದರೆ ಕೂರುತ್ತಿದ್ದರು. ಪ್ರಬೋಧನೆಯನ್ನು ಒಂದಕ್ಷರ ಬಿಡದೆ ಅವರ ಮುಖವನ್ನೇ ನೋಡುತ್ತ ಹೇಳಿದೆ. ಬೆಟ್ಟದಷ್ಟು ತೊಂದರೆ ಬಂದರೂ ಎದೆಗುಂದಬೇಡಿ ಎಂದಾಗ ಅವರು ತಲೆಯಾಡಿಸಿದರು. ಮೈಸೂರಿನಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ನನ್ನ ಕಣ್ಣು ತುಂಬಿ ಬಂತು. ಪೂಜೆ ಮುಗಿಸಿ ನೇರವಾಗಿ ಅವರ ಹತ್ತಿರ ಹೋಗಿ ಕೈ ಹಿಡಿದುಕೊಂಡು, ನಿಮ್ಮ ಮನಸ್ಸಿನಲ್ಲಿ ಏನೋ ಇದ್ದ ಹಾಗಿದೆ, ಸಂಕೋಚವಿಲ್ಲದೆ ಕೇಳಿ ಎಂದೆ.

"ಏನಿಲ್ಲ ಫಾದರ್," ಎಂದರು ಅವರು. "ಹಂಚು ಸರಿ ಮಾಡ್ಲಿಕ್ಕೆ ಹಳೇ ಫಾದರ್ ಹತ್ರ ಏಣಿ ತಗೊಂಡು ಹೋಗಿದ್ದೆ. ಎಲ್ಲಿ ಇಡ್ಲಿ ಅಂತ."

ಅವರು ಚರ್ಚಿನ ಪಕ್ಕದ ಕಾಫಿ ತೋಟದ ಗೌಡರು. ನಮ್ಮ ಮತದವರೇ ಅಲ್ಲ.

ಊರು ಸುತ್ತಿದ ಡಬ್ಬಿ

ಆಷಾಢದಲ್ಲಿ ಒಂದು ದಿನ ಅನ್ನ ಅರ್ಧ ಬೆಂದಿರುವಾಗ ಗ್ಯಾಸ್ ಮುಗಿಯಿತು. ಮಳೆಗೆ ಹೊಸ ಸಿಲಿಂಡರ್ ಬರಲಿಲ್ಲ. ಬ್ರೆಡ್ಡು, ಬಾಳೆಹಣ್ಣಿನಲ್ಲಿ ದಿನ ತಳ್ಳಿದೆ. ಭಾನುವಾರ ಅದನ್ನೇ ಪ್ರಬೋಧನೆಯಲ್ಲಿ ಹೇಳಿ, ಹಸಿದವನ ಹಸಿವು ತಿಳಿಯಲೆಂದೇ ದೇವರು ನನ್ನ ಗ್ಯಾಸ್ ಮುಗಿಸಿದ್ದು, ಇದ್ದುದನ್ನು ಹಂಚಿಕೊಂಡು ತಿನ್ನಬೇಕು ಎಂದೆ. ನನಗೇನಾದರೂ ಬೇಕು ಎಂಬ ಅರ್ಥದಲ್ಲಿ ಹೇಳಿದ್ದಲ್ಲ. ಸ್ವಲ್ಪ ಇದ್ದರೂ ಇರಬಹುದು.

ಮರುದಿನವೇ ನರ್ಸಮ್ಮ ಬಂದರು. ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ಕೆಳಗಿನ ತಿರುವಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಸ್ಟೀಲ್ ಡಬ್ಬಿ ತುಂಬ ಕಣಿಲೆ ಪಲ್ಯ ಕೊಟ್ಟು ಹೋದರು. ಎಳೆ ಬಿದಿರಿನ ಪಲ್ಯ ನನಗೆ ಇಷ್ಟವೇ. ಆದರೆ ಬಾಯಿಗಿಟ್ಟರೆ ಅದರಲ್ಲಿ ಉಪ್ಪೇ ಇಲ್ಲ. ಬಿ.ಪಿ. ಬಂದಾಗಿನಿಂದ ನರ್ಸಮ್ಮ ಉಪ್ಪು ಬಿಟ್ಟಿದ್ದರಂತೆ. ಉಪ್ಪಿನ ಡಬ್ಬಿ ಪಕ್ಕದಲ್ಲೇ ಇತ್ತು, ಆದರೆ ಆ ಕ್ಷಣಕ್ಕೆ ನನಗೆ ಹೊಳೆದದ್ದು ಹಂಚಿಕೊಳ್ಳುವ ಉಪದೇಶ ಮಾತ್ರ. ಡಬ್ಬಿಯನ್ನು ಹಾಗೇ ಮುಚ್ಚಿ ಗೌಡರಿಗೆ ಕೊಟ್ಟು ಬಂದೆ. ಅವರು ಬಹಳ ಸಂಕೋಚಪಟ್ಟು ತೆಗೆದುಕೊಂಡರು.

ಸಂಜೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಮಳೆಯಲ್ಲಿ ನೆನೆದುಕೊಂಡು ಬಂದು, ಫಾದರ್‌ಗೆ ಊಟವಿಲ್ಲ ಎಂದು ಕೇಳಿ ಮನಸ್ಸು ತಡೆಯಲಿಲ್ಲ ಎನ್ನುತ್ತ ಒಂದು ಡಬ್ಬಿ ಕೊಟ್ಟರು. ಮುಚ್ಚಳದ ಮೇಲಿನ ತಗ್ಗು ನೋಡಿದ ಕೂಡಲೇ ಗುರುತು ಸಿಕ್ಕಿತು. ಅದೇ ಪಲ್ಯ. ಬೇರೆ ದಾರಿಯಿಲ್ಲದೆ ತಿಂದೆ. ಉಪ್ಪು ಹದವಾಗಿತ್ತು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಹಾಕಿದ್ದರು.

ಡಬ್ಬಿ ಹಿಂದಿರುಗಿಸಿದಾಗ ನರ್ಸಮ್ಮ ಪಲ್ಯ ಹೇಗಿತ್ತೆಂದು ಕೇಳಿದರು. ಚೆನ್ನಾಗಿತ್ತು, ಉಪ್ಪು ಹದವಾಗಿತ್ತು ಎಂದುಬಿಟ್ಟೆ. ಅವರು ನನ್ನನ್ನು ಒಂದು ಥರ ನೋಡಿದರು.

"ನಾನು ಉಪ್ಪು ಹಾಕಿರ್ಲೇ ಇಲ್ವಲ್ಲ ಫಾದರ್."

ಅಂದಿನಿಂದ ನರ್ಸಮ್ಮ ನನ್ನ ಮುಂದೆ ಬಂದರೆ ಸೆರಗು ಸರಿ ಮಾಡಿಕೊಂಡು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ.

ಸಿಮೆಟ್ರಿಯಲ್ಲಿ ಮಾತುಕತೆ

ನಮ್ಮಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ. ಚರ್ಚಿನ ಹಿಂದಿನ ಸಿಮೆಟ್ರಿಯ ಮೇಲಿನ ಮೂಲೆಯಲ್ಲಿ. ಅಲ್ಲೂ ಒಂದು ಸಮಾಧಿಯ ಪಕ್ಕ ಗೋಡೆಗೆ ಒರಗಿ, ಕತ್ತು ಸ್ವಲ್ಪ ವಾರೆ ಮಾಡಿ ನಿಂತರೆ ಮಾತ್ರ.

ಆ ವರ್ಷ ನನ್ನ ಅಮ್ಮ ತೀರಿಕೊಂಡಿದ್ದರು. ಅಲ್ಲಿಯವರೆಗೆ ವಾರಕ್ಕೊಮ್ಮೆ ಮಾತಾಡುತ್ತಿದ್ದ ಅಕ್ಕ, ನಾನು ದಿನಾ ಸಂಜೆ ಫೋನ್ ಮಾಡಬೇಕೆಂದು ಹಟ ಹಿಡಿದಳು. ಹೇಳಲು ಇಬ್ಬರಿಗೂ ಏನೂ ಇರುತ್ತಿರಲಿಲ್ಲ. ಏನು ತಿಂದೆ, ಮಳೆ ನಿಂತಿತಾ, ಇಷ್ಟೇ. ಅದಿಲ್ಲದಿದ್ದರೆ ಎಷ್ಟೋ ದಿನ ನನ್ನ ಗಂಟಲಿನಿಂದ ಪ್ರಾರ್ಥನೆ ಬಿಟ್ಟು ಬೇರೆ ಸ್ವರ ಹೊರಡುತ್ತಿರಲಿಲ್ಲ. ನೆಟ್‌ವರ್ಕ್ ಮನೆಯೊಳಗೇ ಸಿಕ್ಕಿದ್ದರೆ ನಾನು ಹೊರಗೆ ಕಾಲಿಡುತ್ತಿರಲಿಲ್ಲವೇನೋ. ಅದನ್ನೂ ದೇವರ ಲೆಕ್ಕಕ್ಕೇ ಬರೆದೆ. ಕಿವಿಯೊಳಗೆ ಸಣ್ಣ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೈ ಬೀಸುತ್ತ, ನಗುತ್ತ, ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತ ಮಾತಾಡುತ್ತಿದ್ದೆ.

ಒಂದು ಸಂಜೆ ತಿರುಗಿ ನೋಡಿದರೆ ನರ್ಸಮ್ಮ ದೂರದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ನಾನು ಒರಗುತ್ತಿದ್ದ ಜಾಗದ ಸಮಾಧಿ ಅವರ ಯಜಮಾನರದ್ದು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಬೀರುವಿನ ಬೀಗದ ಕೈಯನ್ನು ಎಲ್ಲಿಟ್ಟರೆಂದು ಅವರನ್ನು ಒಂದು ಮಾತು ಕೇಳಿ ಹೇಳಬೇಕು ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇಯರ್‌ಫೋನ್ ತೆಗೆದು ತೋರಿಸಿದೆ. ಅಕ್ಕನ ವಿಷಯ ಹೇಳಿದೆ. ಸತ್ತವರ ಜೊತೆ ನಾನು ಮಾತಾಡುವುದಿಲ್ಲ, ಅವರಿಗಾಗಿ ಪ್ರಾರ್ಥಿಸುತ್ತೇನಷ್ಟೆ, ನೀವೂ ಇಲ್ಲಿ ಕೂತು ಪ್ರಾರ್ಥಿಸಿ ಎಂದೆ. ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಸಮಾಧಿಯ ಮೇಲೆ ಬಿದ್ದಿದ್ದ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆದರು.

"ಆದ್ರೂ ನೀವೇ ಒಮ್ಮೆ ಕೇಳಿ ನೋಡಿ ಫಾದರ್," ಎಂದರು. "ನಾನು ಕೇಳಿದ್ರೆ ಅವರು ಬದುಕಿದ್ದಾಗ್ಲೂ ಹೇಳ್ತಿರ್ಲಿಲ್ಲ."

ಹಬ್ಬದ ಮಧ್ಯಾಹ್ನ

ಕ್ರಿಸ್ಮಸ್ಸಿನ ಮಧ್ಯಾಹ್ನದ ಬಗ್ಗೆ ಪಾದ್ರಿಯಾಗಲು ಓದುವ ಗುರುಮಠದಲ್ಲಿ ಯಾರೂ ನಮಗೆ ಪಾಠ ಮಾಡುವುದಿಲ್ಲ. ಬೆಳಗಿನ ಪೂಜೆ ಮುಗಿದು, ಎಲ್ಲರ ಕೈ ಕುಲುಕಿ, ಮಕ್ಕಳಿಗೆ ಮಿಠಾಯಿ ಕೊಟ್ಟು ಮುಗಿಯುವ ಹೊತ್ತಿಗೆ ಒಂದೊಂದು ಕುಟುಂಬವಾಗಿ ಜನ ಇಳಿದು ಹೋಗುತ್ತಾರೆ. ಆಮೇಲೆ ಗೋದಲಿಯ ಬೊಂಬೆಗಳ ಮುಂದೆ ನಾನೊಬ್ಬನೇ. ಅಲ್ಲಿ ಯೇಸುವಿಗಾದರೂ ದನ, ಕುರಿ, ಅಪ್ಪ, ಅಮ್ಮ ಎಲ್ಲರೂ ಇದ್ದರು.

ಆ ದಿನ ಊಟಕ್ಕೆ ಯಾರೂ ಕರೆಯಲಿಲ್ಲ. ಪ್ರೀತಿ ಇಲ್ಲವೆಂದಲ್ಲ. ಫಾದರ್ ಇನ್ನೊಬ್ಬರ ಮನೆಗೆ ಹೋಗುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ನರ್ಸಮ್ಮ ತಂಗಿಯ ಮನೆಗೆಂದು ಶನಿವಾರಸಂತೆಗೆ ಹೋಗಿದ್ದರು. ಸುಮ್ಮನೆ ಯಾರ ಮನೆಯ ಮುಂದಾದರೂ ಹಾದು ಹೋದರೆ ಕರೆದಾರು ಎಂಬ ಆಸೆಯಿಂದ ಸ್ಕೂಟರ್ ಹತ್ತಿದೆ. ಗೌಡರ ಗೇಟಿನ ಎದುರಿಗೆ ಬರುತ್ತಲೇ ಹಿಂದಿನ ಚಕ್ರ ಪಂಕ್ಚರ್ ಆಯಿತು.

ಗೌಡರು ಹೊರಗೆ ಬಂದರು. ಅವರ ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಗಳು ಮದುವೆಯಾಗಿ ಸುಳ್ಯದ ಕಡೆ. ಸ್ಕೂಟರನ್ನು ಒಳಗೆ ತಳ್ಳಿಸಿ, ಊಟ ಆಯಿತೇ ಎಂದು ಕೇಳಿದರು. ಹಬ್ಬದ ದಿನ ಪಾದ್ರಿಗೆ ಊಟವಿಲ್ಲ ಎಂದರೆ ನನ್ನ ಜನರ ಮರ್ಯಾದೆ ಏನಾಗಬೇಕು? ಆಯಿತು ಎಂದೆ. ಅವರೂ ತಮ್ಮದು ಆಯಿತು ಎಂದರು. ಜಗಲಿಯಲ್ಲಿ ಕೂತು ಕಾಫಿ ಹಣ್ಣಾಗಿದ್ದು, ಕೊಯ್ಯಲು ಆಳು ಸಿಗದಿದ್ದು ಎಲ್ಲ ಮಾತಾಡಿದೆವು. ಅವರು ಬೆಲ್ಲದ ಕಾಫಿಯ ಜೊತೆ ಒಂದು ತಟ್ಟೆ ಬಾಳೆಕಾಯಿ ಚಿಪ್ಸ್ ತಂದಿಟ್ಟರು. ಕಾಫಿ ಆರುವ ಮೊದಲೇ ತಟ್ಟೆ ಖಾಲಿಯಾಯಿತು. ಗೌಡರು ತಟ್ಟೆ ನೋಡಿದರು, ನಾನೂ ನೋಡಿದೆ.

"ಫಾದರ್, ನೀವು ಯಾರ ಮನೇಲಿ ಊಟ ಮಾಡಿದ್ದು?"

ಯಾರ ಮನೆಯಲ್ಲೂ ಇಲ್ಲ ಎಂದು ಒಪ್ಪಿಕೊಂಡೆ. ಅವರು ತಲೆಯಾಡಿಸಿ, ಒಬ್ಬನಿಗೇ ಅಂತ ಒಲೆ ಹಚ್ಚಲು ಬೇಜಾರಾಗಿ ತಾವೂ ಬೆಳಗಿನಿಂದ ಏನೂ ತಿಂದಿಲ್ಲ ಎಂದರು.

ಆಮೇಲೆ ಅಡುಗೆಮನೆಗೆ ಹೋದೆವು. ನಾನು ಈರುಳ್ಳಿ ಹೆಚ್ಚಿದೆ, ಅವರು ಅಕ್ಕಿ ರೊಟ್ಟಿ ತಟ್ಟಿದರು. ಮೊಟ್ಟೆ ಪಲ್ಯ ಆಯಿತು. ಅಷ್ಟು ರುಚಿಯಾದ ಹಬ್ಬದೂಟ ನಾನು ಅಮ್ಮ ಹೋದ ಮೇಲೆ ಉಂಡಿರಲಿಲ್ಲ. ಹೊಟ್ಟೆ ತುಂಬಿದ ಖುಷಿಗೆ ನನ್ನೊಳಗಿನ ಪಾದ್ರಿ ಎದ್ದು ಕೂತ. ನೋಡಿ ಗೌಡ್ರೇ, ಇಷ್ಟು ಉದ್ದದ ರಸ್ತೆಯಲ್ಲಿ ಬೇರೆಲ್ಲೂ ಅಲ್ಲ, ಸರಿಯಾಗಿ ನಿಮ್ಮ ಗೇಟಿನ ಎದುರಿಗೇ ದೇವರು ನನ್ನ ಸ್ಕೂಟರ್ ನಿಲ್ಲಿಸಿದ, ಇಬ್ಬರು ಹಸಿದವರನ್ನು ಕೂಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೆ ಹೊಳೆದೀತು ಎಂದು ವಿವರಿಸಿದೆ.

ಗೌಡರು ತಟ್ಟೆ ಎತ್ತಿಕೊಂಡು ಎದ್ದರು. ಕೈ ತೊಳೆದು ಬಂದು, ಟವೆಲಿನಲ್ಲಿ ಒರೆಸಿಕೊಳ್ಳುತ್ತ ನಿಂತರು.

"ನೀವು ಹೇಳುದು ಸರಿ ಇರ್ಬಹುದು ಫಾದರ್," ಎಂದರು. "ಆದ್ರೆ ನಿನ್ನೆ ಗೇಟಿಗೆ ಹಲಗೆ ಹೊಡೀವಾಗ ಮೊಳೆ ಪೊಟ್ಟಣ ರಸ್ತೆಗೆ ಬಿದ್ದು ಚೆಲ್ಲಿಹೋಯ್ತು. ಹುಡುಕಿ ಹೆಕ್ಕಿದೆ. ಎಲ್ಲ ಸಿಗ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ. ಉಳಿದ ಮೊಳೆಗಳನ್ನು ಹುಡುಕಲು ನಾನೂ ಬರಲೇ ಎಂದು ಕೇಳಿದೆ.

"ಬೇಡ ಫಾದರ್, ಇರ್ಲಿ," ಎಂದರು ಗೌಡರು. "ಮುಂದಿನ ಭಾನುವಾರ ಊಟದ ಹೊತ್ತಿಗೆ ನಿಮ್ಮ ದೇವರಿಗೆ ಬೇಕಾಗ್ತದೆ."