ಜಾತಿ ನಾಯಿಗೆ ಮನೆ ನೋಡಲು ಹೋದದ್ದು

ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹತ್ತಿದ್ದು ಮಾತ್ರವಲ್ಲ, ಬಿ.ಎ. ಪಾಸಾಗಿಯೇ ಇಳಿದವನು. ರಜೆಯಲ್ಲಿ ಕಲ್ಲು ಹೊತ್ತು, ಒಂದೇ ಅಂಗಿಯನ್ನು ಒಗೆದು ಒಗೆದು ಓದಿ ಮಾಸ್ತರನಾದವನು. ಅಂಥವನಿಗೆ ಒಂದು ನಾಯಿಗೆ ಮನೆ ಹುಡುಕುವುದು ಎಷ್ಟರ ಕೆಲಸ? ನಾನೂ ಹಾಗೆಯೇ ಎಣಿಸಿದ್ದೆ!

ಎಂಬತ್ತರ ಆಸುಪಾಸಿನ ಮಾತು. ಆಗ ಪುತ್ತೂರಿಗೆ ವರ್ಗವಾಗಿ ಬರುವ ದೊಡ್ಡ ಅಧಿಕಾರಿಗಳು ಹೆಂಡತಿ, ಮಕ್ಕಳು, ಸೋಫಾ ಮತ್ತು ಒಂದು ಅಲ್ಸೇಷಿಯನ್ ನಾಯಿಯ ಸಮೇತ ಬರುತ್ತಿದ್ದರು. ಹೋಗುವಾಗ ಲಾರಿಯಲ್ಲಿ ಸೋಫಾಕ್ಕೆ ಜಾಗ ಇರುತ್ತಿತ್ತು, ನಾಯಿಗೆ ಇರುತ್ತಿರಲಿಲ್ಲ. ಹಾಗೆ ಉಳಿದುಹೋದ ಒಂದು ನಾಯಿಯನ್ನು ನಾನು ಪುತ್ತೂರಿನ ಹತ್ತಿರದ ನಮ್ಮ ಸವಣೂರು ಪೇಟೆಯಲ್ಲಿ, ಹೋಟೆಲಿನ ಹಿಂದೆ ಕಂಡೆ. ಎಸೆದ ಎಂಜಲೆಲೆಗಳಿಗೆ ಊರ ನಾಯಿಗಳು ಮುಗಿಬಿದ್ದಿದ್ದವು. ಇದು ಮಾತ್ರ ಕಿವಿ ನೆಟ್ಟಗೆ ಮಾಡಿ, ಯಾರಾದರೂ ಕರೆದು ಬಡಿಸುತ್ತಾರೆಂದು ಶಿಸ್ತಿನಲ್ಲಿ ಕೂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಕೊರಳಪಟ್ಟಿಯಲ್ಲಿ ಹೆಸರು ಬೇರೆ: ಮೇಜರ್!

ಕರೆದು ಬಡಿಸುವವರಿಗಾಗಿ ಕಾದು ಉಪವಾಸ ಮಲಗಿದ ಅನುಭವ ನನಗೂ ಇದೆ. ಮನೆಗೆ ಕರೆತಂದೆ.

"ಇದೆಂತದು?" ಎಂದಳು ಹೆಂಡತಿ ಸುಶೀಲ.

"ಅಲ್ಸೇಷಿಯನ್."

"ಅದು ಕಾಣ್ತದೆ. ಇಲ್ಲಿಗೆ ಎಂತಕ್ಕೆ?"

"ಆಶ್ರಯ. ಒಳ್ಳೆಯ ಮನೆ ಸಿಗುವವರೆಗೆ."

"ಹಟ್ಟಿಯಲ್ಲಿ ಗಬ್ಬದ ದನ ಉಂಟು. ಅದು ಕರು ಹಾಕುವುದರ ಒಳಗೆ ಇದು ಹೋಗ್ಬೇಕು. ಇಲ್ಲದಿದ್ರೆ ನಾನು ಹೋಗ್ತೇನೆ, ದನವನ್ನೂ ಕರ್ಕೊಂಡು!"

ಅವಳು ಹೇಳಿದ್ದು ಸುಳ್ಳಲ್ಲ. ಮೇಜರ್ ಹುಟ್ಟಿದ ಮೇಲೆ ದನವನ್ನೇ ನೋಡಿರಲಿಲ್ಲವೋ ಏನೋ! ದನ ಬಾಲ ಅಲ್ಲಾಡಿಸಿದರೂ ಇದು ಬೊಗಳುತ್ತಿತ್ತು. ದನ ಬೆದರಿ ಹಗ್ಗ ಜಗ್ಗುತ್ತಿತ್ತು. ಬೇರೆ ದಾರಿ ಕಾಣದೆ ಮೇಜರನನ್ನು ಸೌದೆ ಕೊಟ್ಟಿಗೆಯಲ್ಲಿ ಕಟ್ಟಿದೆ.

ಸುದ್ದಿ ಹಬ್ಬಿತು. ಪೇಟೆಯಲ್ಲಿ ನಗೆಯೂ ಹಬ್ಬಿತು. "ಬಿ.ಎ. ಮಾಡಿ ನಾಯಿ ಹಿಡಿಯುದಾ ಮಾಸ್ಟ್ರೆ?" ಎಂದರು. ನಗುವವರು ನಗಲಿ! ನಾನು ಎದೆ ಸೆಟೆಸಿ ಸಾರಿದೆ: "ಎಷ್ಟು ಅಲ್ಸೇಷಿಯನ್ ಬಂದರೂ ಸೇರಿಸಿಕೊಳ್ಳುತ್ತೇನೆ. ಅಲ್ಸೇಷಿಯನ್ ಮಾತ್ರ. ಊರ ನಾಯಿಗೆ ಕದ್ದಾದರೂ ಬದುಕಲು ಗೊತ್ತಿದೆ, ಇವಕ್ಕೆ ಕದಿಯುವ ವಿದ್ಯೆಯನ್ನು ಯಾರೂ ಕಲಿಸಿಲ್ಲ."

ಮರುದಿನವೇ ಗೇಟಿನ ಬಳಿ ಒಂದು ಬುಟ್ಟಿ. ಒಳಗೆ ಅಪ್ಪಟ ಊರ ಮರಿ. ಬಿಟ್ಟವರು ಅದರ ಒಂದು ಕಿವಿಗೆ ಕಡ್ಡಿ ಕಟ್ಟಿ ನೆಟ್ಟಗೆ ನಿಲ್ಲಿಸಿದ್ದರು! ಪ್ರವೇಶ ನಿರಾಕರಿಸಿದೆ. ಮರಿ ನಿರಾಕರಣೆಯನ್ನು ನಿರಾಕರಿಸಿ ಜಗಲಿಯ ಕೆಳಗೆ ಸೇರಿಕೊಂಡಿತು.

ಇನ್ನು ಮನೆ ಹುಡುಕುವ ಕೆಲಸ. ಕೇಳಿದವರಿಗೆಲ್ಲ ಕೊಡಲು ಅದೇನು ಬಸಳೆ ಬಳ್ಳಿಯೇ? ನನ್ನ ನಿಯಮಗಳು ಕಟ್ಟುನಿಟ್ಟು. ಹಗಲಿಡೀ ಕಟ್ಟಿಹಾಕಬಾರದು. ಬರೀ ಗಂಜಿ ಹಾಕಬಾರದು. ಮಲಗಲು ಜಗಲಿ ಕೊಡಬೇಕು. ಇದನ್ನೆಲ್ಲ ನಾನೇ ಮನೆಗೆ ಹೋಗಿ ತಪಾಸಣೆ ಮಾಡಬೇಕು.

"ಹೆಣ್ಣು ಕೊಡುವವರು ಕೂಡ ಇಷ್ಟು ನೋಡುದಿಲ್ಲ. ನನ್ನ ಅಪ್ಪ ನೋಡಿದ್ದಿದ್ರೆ ನಾನು ಇಲ್ಲಿ ಇರ್ತಿದ್ದೆನಾ?" ಎಂದಳು ಸುಶೀಲ.

ನಾಯಿ ಬೇಕೆಂದು ಇಬ್ಬರು ಹೇಳಿ ಕಳುಹಿಸಿದ್ದರು. ಮೊದಲ ತಪಾಸಣೆ ನರಿಮೊಗರಿನ ದೇವಕಿಯಕ್ಕನ ಮನೆ. ಒಂಟಿಯಾಗಿ ಬೇಸಾಯ ಮಾಡಿಸುವ ಗಟ್ಟಿ ಹೆಂಗಸು. ಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು. ನಾನು ಮುಖ ಬಿಗಿದು ಮೊದಲ ಪ್ರಶ್ನೆಗೆ ಬಾಯಿ ತೆರೆಯುವಾಗ ಹಿತ್ತಲಲ್ಲಿ ಕೋಳಿ ಕೂಗಿತು. ಆಮೇಲೆ ಕೂಗಲಿಲ್ಲ. ನೀರುದೋಸೆಯ ಜೊತೆ ತಟ್ಟೆಗೆ ಬಂತು!

ನಮ್ಮ ಕಡೆ ಒಂದು ಕ್ರಮ ಇದೆ. ಒಬ್ಬರ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಕೈ ಒಣಗುವ ಮೊದಲೇ ಅವರ ಮುಖಕ್ಕೆ 'ಆಗುವುದಿಲ್ಲ' ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. "ಹಾಗಾದ್ರೆ ನಾಯಿ ನಮಗೆ ಅಲ್ವಾ?" ಎಂದರು ದೇವಕಿಯಕ್ಕ. ನಾನು ತೇಗಿದೆ. ಅವರು ಅದನ್ನು ಒಪ್ಪಿಗೆ ಎಂದು ತಿಳಿದರು.

ಆದರೂ ತಪಾಸಣೆ ಅಂದಮೇಲೆ ಹೋಲಿಕೆ ಬೇಡವೇ? ಒಂದೇ ಮನೆ ನೋಡಿ ತೀರ್ಮಾನಿಸಲು ನಾನೇನು ಓದು ಬಾರದವನೇ? ಕಡಬ ಬಸ್ಸು ಹತ್ತಿ ಕೋಡಿಂಬಾಳಕ್ಕೆ ಹೋದೆ. ಅಲ್ಲಿ ಮತ್ತಾಯಿ ಚೇಟ, ಅಂದರೆ ಮತ್ತಾಯಿ ಅಣ್ಣ; ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದವರು. "ಬರಬೇಕು ಮಾಷೇ!" ಎಂದು ಕೈ ಹಿಡಿದು ಎಳೆದುಕೊಂಡೇ ಹೋದರು. ಬೇಯಿಸಿದ ಮರಗೆಣಸು, ಕೆಂಪು ಕೆಂಪು ಮೀನು ಸಾರು. ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಲಿಲ್ಲ. ಕೊನೆಗೆ ಅವರು ಕೇಳಿದರು: "ನಾಯಿ ನಮಗೇ ಅಲ್ಲವಾ ಮಾಷೇ?"

ನಾನು ಮತ್ತೆ ತೇಗಿದೆ!

ಅವರು ಮೊದಲು ಬಂದರೆ ಇವರಿಗೆ ಇಲ್ಲವೆನ್ನೋಣ, ಇವರು ಮೊದಲು ಬಂದರೆ ಅವರಿಗೆ ಇಲ್ಲವೆನ್ನೋಣ ಎಂದುಕೊಂಡೆ. ಇಬ್ಬರೂ ಒಂದೇ ಭಾನುವಾರ ಬಂದರು! ದೇವಕಿಯಕ್ಕ ಬಸ್ಸಿನಲ್ಲಿ, ಹೊಸ ಚೈನಿನ ಜೊತೆ. ಮತ್ತಾಯಿ ಚೇಟ ಜೀಪಿನಲ್ಲಿ. ಹಟ್ಟಿಯಲ್ಲಿ ದನ ಇವತ್ತೋ ನಾಳೆಯೋ ಎಂದು ನಿಂತಿತ್ತು. ಸುಶೀಲಳ ಪೆಟ್ಟಿಗೆಯೂ ಒಳಗೆ ಸಿದ್ಧವಾಗಿ ನಿಂತಿತ್ತು.

"ಎಂತ ಮಾಷೇ ಇದು? ನಮ್ಮ ಮೀನು ತಿಂದು ಬೇರೆಯವರಿಗೆ ಮಾತು ಕೊಟ್ಟದ್ದಾ?"

"ನಿಮ್ಮದು ಮೀನು ಮಾರಾಯ್ರೆ, ನಮ್ಮದು ಸಾಕಿದ ಹುಂಜ! ಮೀನಿಗಿಂತ ಮೊದಲೇ ಇವರ ಹೊಟ್ಟೆಗೆ ಹೋಗಿದೆ!"

"ಮೊದಲು ಹೋದದ್ದು ಮೊದಲು ಕರಗಿಯೂ ಆಯಿತಲ್ಲಾ ಅಕ್ಕಾ?"

ನಾನು ಗಂಟಲು ಸರಿಮಾಡಿಕೊಂಡು, "ನಿಯಮಾವಳಿಯ ಪ್ರಕಾರ..." ಎಂದು ಆರಂಭಿಸಿದೆ.

"ನಿಯಮ ಇರ್ಲಿ. ನಾಯಿ ಎಲ್ಲುಂಟು, ತೋರಿಸಿ," ಎಂದರು ದೇವಕಿಯಕ್ಕ.

ಇಬ್ಬರೂ ಸೌದೆ ಕೊಟ್ಟಿಗೆಗೆ ನಡೆದರು. ಮೇಜರ್ ದನದ ಹಗ್ಗದಲ್ಲಿ ಕಟ್ಟಿಸಿಕೊಂಡು, ತೂತು ಗೋಣಿಯ ಮೇಲೆ ಮಲಗಿತ್ತು. ಮುಂದೆ ಒಂದು ಹಳೆಯ ಪಾತ್ರೆ.

"ಹಗಲಿಡೀ ಕಟ್ಟುದಾ?" ಎಂದರು ದೇವಕಿಯಕ್ಕ.

"ಗಂಜಿಯಾ?" ಎಂದರು ಮತ್ತಾಯಿ ಚೇಟ, ಪಾತ್ರೆಗೆ ಬಗ್ಗಿ. "ಬರೀ ಗಂಜಿ!"

"ಇಂಥಾ ಮನೆಗೆ ನಾನಾದ್ರೆ ನಾಯಿ ಕೊಡ್ಲಿಕ್ಕಿಲ್ಲ," ಎಂದರು ದೇವಕಿಯಕ್ಕ. ಅಲ್ಲಿಯವರೆಗೆ ಹಾವು ಮುಂಗುಸಿಯ ಹಾಗಿದ್ದವರು ಒಂದೇ ಪಕ್ಷವಾದರು! ಸ್ವಂತ ನಿಯಮದಲ್ಲಿ ಫೇಲಾದವ ಇಡೀ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

"ಇದು ತಾತ್ಕಾಲಿಕ ವ್ಯವಸ್ಥೆ!" ಎಂದು ಗುಡುಗಿದೆ. ಯಾರೂ ಕೇಳಲಿಲ್ಲ.

ಸುಶೀಲ ಸೆರಗಿಗೆ ಕೈ ಒರೆಸುತ್ತಾ ಬಂದು ಒಂದೇ ಮಾತು ಕೇಳಿದಳು: "ನಿಮ್ಮಿಬ್ಬರಲ್ಲಿ ದನ ಯಾರಿಗೆ ಉಂಟು?"

"ನಮ್ಮಲ್ಲಿ ಹಟ್ಟಿ ತುಂಬ ಉಂಟು," ಎಂದರು ದೇವಕಿಯಕ್ಕ ಹೆಮ್ಮೆಯಿಂದ.

"ನಮ್ಮಲ್ಲಿ ಹಂದಿ ಉಂಟು, ದನ ಇಲ್ಲ," ಎಂದರು ಮತ್ತಾಯಿ ಚೇಟ.

"ಹಾಗಾದ್ರೆ ಚೇಟ, ಜೀಪಿಗೆ ಹತ್ತಿಸಿ. ಅಕ್ಕ, ಇದು ದನ ಕಂಡ್ರೆ ಬೊಗಳಿ ಬೊಗಳಿ ಹಾಲು ಬತ್ತಿಸ್ತದೆ. ನಿಮಗೆ ಬೇಡ."

ಎರಡು ತಪಾಸಣೆ ಮಾಡಿದ ನಾನು ಅದೊಂದು ಪ್ರಶ್ನೆಯನ್ನೂ ಕೇಳಿರಲಿಲ್ಲ! ಉಂಡ ಬಾಯಿಯಲ್ಲಿ ಪ್ರಶ್ನೆ ಬರುವುದು ಹೇಗೆ? ದೇವಕಿಯಕ್ಕ ಕೊಂಚ ಹೊತ್ತು ಮುಖ ಊದಿಸಿ, ಜಗಲಿಯ ಕೆಳಗಿನ ಊರ ಮರಿಯನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, "ಇದಕ್ಕೆ ಪರೀಕ್ಷೆ ಇಲ್ಲವಲ್ಲ?" ಎಂದು ಬಸ್ಸಿಗೆ ಹೊರಟರು. ಸಂಜೆ ದನ ಕರು ಹಾಕಿತು. ಸುಶೀಲಳ ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಇಲ್ಲಿಗೆ ನಾನು ಸೋತೆನೆಂದು ಯಾರೂ ತಿಳಿಯಬೇಡಿ. ಕೊಟ್ಟ ಮೇಲೂ ಹೋಗಿ ನೋಡಿ ಬರಬೇಕೆಂಬುದು ನನ್ನ ನಿಯಮ. ಮಳೆಗಾಲ ಕಳೆದ ಮೇಲೆ ಇಸ್ತ್ರಿ ಅಂಗಿ ಹಾಕಿ ಕೋಡಿಂಬಾಳಕ್ಕೆ ಹೋದೆ. ಗೇಟು ದೂಡಿ, "ಮೇಜರ್!" ಎಂದು ಪ್ರೀತಿಯಿಂದ ಕೂಗಿದೆ.

ಮೇಜರ್ ಬಂತು. ಬಂದ ಬಗೆ ನೋಡಿ ನಾನು ಹತ್ತಿರದ ಗೇರು ಮರ ಹತ್ತಿದೆ. ಅಂಗಿಯ ಒಂದು ತೋಳು ಕೆಳಗೇ ಉಳಿಯಿತು, ಮೇಜರನ ಬಾಯಿಯಲ್ಲಿ!

ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಮೈ ತುಂಬಿಕೊಂಡಿತ್ತು, ರೋಮ ಮಿನುಗುತ್ತಿತ್ತು, ಕೊರಳಲ್ಲಿ ಚೈನಿರಲಿಲ್ಲ. ಜಗಲಿಯಲ್ಲಿ ಅದಕ್ಕೆಂದೇ ಒಂದು ಚಾಪೆಯೂ ಇತ್ತು. ಈ ಮನೆಯೇ ತನ್ನದೆಂದು ಅದು ಊರಿಗೆಲ್ಲ ಕೇಳುವಂತೆ ಬೊಗಳುತ್ತಿತ್ತು.

ಮತ್ತಾಯಿ ಚೇಟ ಓಡಿ ಬಂದರು. "ಅಯ್ಯೋ ಮಾಷೇ! ಅಲ್ಲಿ ಎಂತ ಮಾಡುದು?"

ಕೊಂಬೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೇ ನಾನು ಪದವೀಧರನ ಗಾಂಭೀರ್ಯದಿಂದ ಘೋಷಿಸಿದೆ: "ತಪಾಸಣೆ! ಮನೆ ಪಾಸಾಗಿದೆ! ಇನ್ನು ದಯವಿಟ್ಟು ನಾಯಿಯನ್ನು ಕಟ್ಟಿಹಾಕಿ!"