ಕಣ್ಣಿಗೆ ಕಾಣದ ದೋಷ

ಹಳಿಯಾಳದ ಉಳವಪ್ಪ ಮನೆ ಮಾರಲು ಹೊರಟದ್ದಕ್ಕೆ ಕಾರಣ ಒಂದೇ: ಪಕ್ಕದ ಮನೆಯ ದ್ರಾಕ್ಷಾಯಣಿ. ಗಂಡ ತೀರಿದ ಮೇಲೆ ಒಬ್ಬಳೇ ಇದ್ದ ಆಕೆ ಕೆಟ್ಟವಳಲ್ಲ. ಆದರೆ ಕೋಳಿ ಕೂಗುವ ಮೊದಲೇ ನಡುಗೋಡೆಯ ಮೇಲೆ ಆಕೆಯ ಮುಖ ಮೂಡುತ್ತಿತ್ತು. ಸೂರ್ಯ ಮುಳುಗಿದರೂ ಅದು ಮುಳುಗುತ್ತಿರಲಿಲ್ಲ. ಉಳವಪ್ಪ ಲಿಂಗಪೂಜೆಗೆ ಕುಳಿತರೆ, "ಅಣ್ಣಾ, ಪತ್ರಿ ಒಣಗ್ಯಾವ ನೋಡು," ಎನ್ನುವಳು. ಊಟಕ್ಕೆ ಕುಳಿತರೆ, "ಬದನಿಕಾಯಿ ತಿನಬ್ಯಾಡ, ನಿನಗ ವಾಯು," ಎನ್ನುವಳು. ಇಪ್ಪತ್ತು ವರ್ಷ ನಾಗರಪಂಚಮಿಗೆ ತಂಗಿಯಾಗಿ ಆಕೆ ಕೊಟ್ಟ ಉಂಡಿ ತಿಂದ ಬಾಯಿಂದ ಬೈಯಲಾದೀತೇ? ಮನೆ ಮಾರಿ ತೇರಗಾಂವಕ್ಕೆ ಹೋಗಿಬಿಡೋಣ ಎಂದು ಹೆಂಡತಿ ನೀಲಕ್ಕನಿಗೆ ಹೇಳಿದ.

ಆ ಭಾನುವಾರ ಈಶಪ್ಪನೆಂಬವನು ಮನೆ ನೋಡಲು ಬರುವವನಿದ್ದ. ಖರೀದಿಪತ್ರ ಬರೆಯುವ ಅಡಿವೆಯ್ಯ ಮೊದಲೇ ಬಂದು ಎಚ್ಚರಿಸಿದ:

"ನೋಡ್ರಿ ಉಳವಪ್ಪನವರ, ಮನ್ಯಾಗ ಕಣ್ಣಿಗೆ ಕಾಣದ ದೋಷ ಇದ್ದರ ಕೊಳ್ಳಾವಗ ಮೊದಲ ಹೇಳಬೇಕು. ಮುಚ್ಚಿಟ್ಟರ ಮೋಸ ಆಗತೈತಿ, ಕಾಯಿದೆ ಬಿಡೂದಿಲ್ಲ."

"ಕಾಯಿದೆ ಇರಲಿ, ಉಳವಿ ಚನ್ನಬಸವಣ್ಣನ ಆಣಿ, ಒಂದೂ ಮುಚ್ಚೂದಿಲ್ಲ," ಎಂದು ಉಳವಪ್ಪ ಹಣೆಯ ವಿಭೂತಿ ಮುಟ್ಟಿಕೊಂಡ. ಆಮೇಲೆ ದನಿ ತಗ್ಗಿಸಿದ: "ನೆರಿಯವರು ದೋಷದಾಗ ಬರತಾರೇನ್ರಿ?"

"ಮನಿ ಒಳಗಿಂದಷ್ಟ ಕಾಯಿದೆ. ಹೊರಗಿಂದು ನಿಮ್ಮ ಆಣಿಗೆ ಬಿಟ್ಟದ್ದು."

ಈಶಪ್ಪ ಬಂದ. ಮೊಮ್ಮಗಳ ಶಾಲೆ ಓಣಿಯ ತುದಿಯಲ್ಲೇ ಇದ್ದುದರಿಂದ ಅವನಿಗೆ ಇದೇ ಓಣಿಯಲ್ಲಿ ಮನೆ ಬೇಕಾಗಿತ್ತು. ಉಳವಪ್ಪ ಒಂದೇ ಉಸಿರಿಗೆ ಹೇಳಿದ: "ದೇವರ ಖೋಲಿ ತೊಲಿಯೊಳಗ ಗೆದ್ದಲ ಅದಾವ್ರಿ. ಬಾವಿ ಶಿವರಾತ್ರಿಗೆ ಬತ್ತತೈತಿ."

"ಅಣ್ಣಾ, ಅಡಿಗಿಮನಿ ಸೋರೂದು ಮರತಿ!" ಎಂದಿತು ಗೋಡೆಯ ಮೇಲಿನ ಮುಖ. "ಹೋದ ವರ್ಷ ಹಿತ್ತಲದಾಗ ನಾಗಪ್ಪ ಹೆಡಿ ಬಿಚ್ಚಿದ್ದ, ಅದನ್ನೂ ಹೇಳು!"

ಉಳವಪ್ಪನ ಮುಖ ಹಿಂಡಿದ ಹುಣಸೆಹಣ್ಣಿನಂತಾಯಿತು. ಈಶಪ್ಪ ನಕ್ಕ. "ಇರಲಿ ಬಿಡ್ರಿ, ಯಾರ ಮನ್ಯಾಗ ಇಲ್ಲ? ಮತ್ತೇನರ ಐತೇನ್ರಿ?"

ಆಣೆ ನೆನಪಾಯಿತು. ಉಳವಪ್ಪ ಈಶಪ್ಪನ ಕಿವಿಗೆ ಬಾಯಿಟ್ಟು, "ಆ ಗೋಡಿ ಮ್ಯಾಲಿನ ಮುಖ ಐತಲ್ರಿ, ಅದ ದೊಡ್ಡ ದೋಷ," ಎಂದ.

"ಖರೇ ಐತ್ರಿ," ಎಂದಳು ದ್ರಾಕ್ಷಾಯಣಿ ಅಲ್ಲಿಂದಲೇ.

ಈಶಪ್ಪ ಗದ್ದ ಕೆರೆದುಕೊಂಡ. "ಉಳವಪ್ಪನವರ, ನಿಮ್ಮ ಮನಿ ತೊಗೊಂಡರ ಗೆದ್ದಲನೂ ನನ್ನವು, ಅಕ್ಕಾರೂ ನನ್ನ ಪಾಲಿಗೆ. ಅಕ್ಕಾರ ಮನಿನ ತೊಗೊಂಡರ? ಗೆದ್ದಲಿಲ್ಲ, ಅಕ್ಕಾರಿಲ್ಲ, ಮ್ಯಾಲ ನಿಮ್ಮಂಥ ಸತ್ಯವಂತರು ನೆರಿಮನ್ಯಾಗ! ಅಕ್ಕಾರ, ಕೊಡ್ತೀರೇನ್ರಿ?"

"ಕೊಡಾಕ ಕಾಯಾಕತ್ತೇನ್ರಿ. ಮುಂಡಗೋಡದಾಗ ತಮ್ಮನ ಮನಿ ಹತ್ತಿರ ಜಾಗಾ ಹಿಡದೇನಿ, ಮನಿ ಕಟ್ಟಸೂದಷ್ಟ ಬಾಕಿ."

"ನಿಮ್ಮ ಮನಿ ದೋಷ?"

"ನಾನ ಇದ್ದೆ. ಈಗ ಹೊಂಟೆ."

ಮಧ್ಯಾಹ್ನಕ್ಕೆ ವ್ಯಾಪಾರ ಕುದುರಿತು. ಸೋಮವಾರವೇ ಹಾಲು ಉಕ್ಕಿಸುತ್ತೇನೆಂದು ಈಶಪ್ಪ ಬೀಗದಕೈ ಕೇಳಿದ, ದ್ರಾಕ್ಷಾಯಣಿ ಒಪ್ಪಿದಳು. ಮನೆ ಮಾರದೆಯೇ ಪೀಡೆ ತೊಲಗಿತೆಂದು ಉಳವಪ್ಪ ಉಳವಿಯ ದಿಕ್ಕಿಗೆ ಅಡ್ಡಬಿದ್ದ; ನೀಲಕ್ಕನಿಗೆ ಹೋಳಿಗೆ ಮಾಡಲು ಹೇಳಿ, ಅಡಿವೆಯ್ಯನನ್ನೂ ಊಟಕ್ಕೆ ಕರೆದ.

ಸಂಜೆ ಮೊದಲ ಹೋಳಿಗೆ ಮುರಿಯುವಷ್ಟರಲ್ಲಿ ಬಾಗಿಲಲ್ಲಿ ಒಂದು ಟ್ರಂಕು ಕಂಡಿತು. ಅದರ ಹಿಂದೆ ದ್ರಾಕ್ಷಾಯಣಿ.

"ಅಣ್ಣಾ, ಪಂಚಮಿ ನಾಕ ದಿನ ಐತಿ. ತಂಗಿ ತವರಮನಿಗೆ ಬರಬೇಕಲ್ಲ? ತಮ್ಮನ ಮನಿ ಇಕ್ಕಟ್ಟು, ಮುಂಡಗೋಡದಾಗ ನನ್ನ ಮನಿ ಆಗೂತನಕ ಇಲ್ಲೇ. ಗಿರಾಕಿಗೆ ತೋರಸಾಕಂತ ನೀ ಪಡಸಾಲಿ ಖಾಲಿ ಮಾಡಿದ್ದು ಚಲೋ ಆತು. ಈಗ ನಡುವ ಗೋಡಿನೂ ಇಲ್ಲ!"

ಉಂಡಿ ತಿಂದ ಅಣ್ಣ ಪಂಚಮಿಗೆ ಬಂದ ತಂಗಿಯನ್ನು ಹಿಂದಕ್ಕೆ ಕಳಿಸುವುದುಂಟೇ? ನೀಲಕ್ಕ ಆಗಲೇ ಟ್ರಂಕಿನ ಇನ್ನೊಂದು ತುದಿ ಹಿಡಿದಿದ್ದಳು.

"ಅಣ್ಣಾ, ಎರಡನೇ ಹೋಳಿಗಿ ಬ್ಯಾಡ, ನಿನಗ ವಾಯು."

ಅಡಿವೆಯ್ಯ ತುಪ್ಪ ಹಾಕಿಕೊಳ್ಳುತ್ತ ಹೇಳಿದ: "ಉಳವಪ್ಪನವರ, ಮುಂದಿನ ಗಿರಾಕಿಗೆ ಹೇಳೂದು ಮರೀಬ್ಯಾಡ್ರಿ. ಇಷ್ಟು ದಿನ ಬರೇ ಆಣಿ ಇತ್ತು. ಈಗ ದೋಷ ಮನಿ ಒಳಗ ಬಂತು. ಕಾಯಿದೆನೂ ಹತ್ತತೈತಿ."